ಒಂಬತ್ತೇ ಟೆಸ್ಟ್ ಆಡಿದವರಿಗೂ ಜಾಗವಿದೆ

ಪ್ರಶ್ನೆ: ಕ್ರಿಕೆಟ್‌ನಲ್ಲಿ ಸಾರ್ವಕಾಲಿಕ ಹನ್ನೊಂದು ಮಂದಿಯ ತಂಡ ಕಟ್ಟಿ ಗೆಳೆಯರ ಜತೆ ಜಗಳ ಆಡುವುದು ನಮಗೆಲ್ಲ ಅಭ್ಯಾಸ. ಈಚೆಗೆ ನನಗೆ ರಗ್ಬಿ ನೋಡುವ ರುಚಿ ಹತ್ತಿದೆ. ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡದ ಸಾರ್ವಕಾಲಿಕ ಶ್ರೇಷ್ಠ ಹದಿನೈದು ಮಂದಿ ಯಾರು? ನೂರು ವರ್ಷದ ಹಿಂದೆ ಆಡಿದವರನ್ನೂ ಈಗಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಸಾಧ್ಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತೂಗಬಹುದು. ಯಾವ ಅಳತೆಯಿಂದ ಎನ್ನುವುದನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಇಂಥ ತಂಡ ಕಟ್ಟಲು ಕೂತವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ, ಆಡಿದ ಟೆಸ್ಟ್‌ಗಳ ಲೆಕ್ಕದಲ್ಲಿ. ಸ್ಯಾಮ್ ವೈಟ್‌ಲಾಕ್ 153 ಟೆಸ್ಟ್ ಆಡಿದ್ದಾರೆ, ರಿಚಿ ಮೆಕ್‌ಕಾ 148. ಜಾರ್ಜ್ ನೆಪಿಯಾ ಆಡಿದ್ದು 9, ಡೇವ್ ಗ್ಯಾಲಹರ್ ಬರೀ 6. ಅಂಕಿ ನೋಡಿ ತಂಡ ಆರಿಸಿದರೆ ಹಳಬರೆಲ್ಲ ಬಾಗಿಲಲ್ಲೇ ನಿಂತುಬಿಡುತ್ತಾರೆ. ಆದರೆ ಗ್ಯಾಲಹರ್ ನಾಯಕರಾಗಿ ಹಡಗು ಹತ್ತಿದ 1905–06ರ ಪ್ರವಾಸದಲ್ಲಿ ತಂಡ ಆಡಿದ 35 ಪಂದ್ಯಗಳಲ್ಲಿ ಟೆಸ್ಟ್ ಅನ್ನಿಸಿಕೊಂಡವು ಐದೇ ಐದು. ಉಳಿದವು ಹೆಚ್ಚಾಗಿ ಕೌಂಟಿ, ಕ್ಲಬ್ಬುಗಳ ವಿರುದ್ಧ. ಆ 35ರಲ್ಲಿ ಅವರು ಸೋತದ್ದು ಒಂದೇ, ಕಾರ್ಡಿಫ್‌ನಲ್ಲಿ ವೇಲ್ಸ್ ಎದುರು 3–0. ಇವತ್ತಿನ ಆಟಗಾರ ಒಂದು ವರ್ಷದಲ್ಲೇ ಹತ್ತು ಹನ್ನೆರಡು ಟೆಸ್ಟ್ ಆಡಿ ಮುಗಿಸುತ್ತಾನೆ. ಅಂಕಿಗೆ ಇರುವ ಈ ಮಿತಿ ನಮಗೆ ಹೊಸದೇನಲ್ಲ. 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಜಿ.ಆರ್. ವಿಶ್ವನಾಥ್ ಔಟಾಗದೆ ಹೊಡೆದ 97 ಶತಕಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹಾಗೆಂದು ಅದನ್ನು ಮರೆತವರೂ ಇಲ್ಲ.

ನನ್ನ ಅಳತೆ ಬೇರೆ. ಈ ಮನುಷ್ಯನಿಗೆ ಹೆದರಿ ಎದುರಾಳಿ ತಂಡ ತನ್ನ ಆಟವನ್ನೇ ಬದಲಿಸಿಕೊಳ್ಳಬೇಕಾಯಿತೇ? ಇವನು ಆಡಿ ಹೋದಮೇಲೆ ಆ ಜಾಗದ ಕೆಲಸ ಮೊದಲಿನ ಹಾಗೇ ಉಳಿಯಿತೇ? ಇವೆರಡು ಪ್ರಶ್ನೆ. ಇದಕ್ಕೊಂದು ಷರತ್ತೂ ಉಂಟು: ನಾವು ಕಟ್ಟುವ ತಂಡ ಇವತ್ತಿನ ನಿಯಮದ ಪ್ರಕಾರ, ಎಂಬತ್ತು ನಿಮಿಷ, ಒಟ್ಟಿಗೆ ಆಡುವಂತಿರಬೇಕು. ಹದಿನೈದು ದೊಡ್ಡ ಹೆಸರುಗಳನ್ನು ಜೋಡಿಸಿಟ್ಟರೆ ತಂಡ ಆಗುವುದಿಲ್ಲ.

ಈ ಷರತ್ತಿಗೆ ಮೊದಲು ಬಲಿಯಾಗುವವರು ಗ್ಯಾಲಹರ್ ಅವರೇ. ಆಗ ನ್ಯೂಜಿಲೆಂಡಿನವರು, ಚೆಂಡಿಗಾಗಿ ಎರಡೂ ತಂಡದವರು ಗುಂಪಾಗಿ ತಳ್ಳಾಡುವ ಸ್ಕ್ರಮ್‌ಗೆ ಎಂಟರ ಬದಲು ಏಳು ಮಂದಿಯನ್ನು ಹಾಕಿ, ಎಂಟನೆಯವನನ್ನು ಹೊರಗೆ ನಿಲ್ಲಿಸುತ್ತಿದ್ದರು. ‘ವಿಂಗ್ ಫಾರ್ವರ್ಡ್’ ಎಂದು ಅವನ ಹೆಸರು. ಸ್ಕ್ರಮ್‌ಗೆ ಚೆಂಡು ಹಾಕುವುದು, ಆಮೇಲೆ ತನ್ನ ಹಾಫ್‌ಬ್ಯಾಕ್‌ಗೆ ಅಡ್ಡ ನಿಂತು ರಕ್ಷಣೆ ಕೊಡುವುದು ಅವನ ಕೆಲಸ. ಬ್ರಿಟನ್ನಿನ ಪತ್ರಿಕೆಗಳು ಇದನ್ನು ಮೋಸ ಎಂದು ಕರೆದು ಗ್ಯಾಲಹರ್ ಮೇಲೆ ಹರಿಹಾಯ್ದವು. 1930ರ ದಶಕದ ಆರಂಭದಲ್ಲಿ ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಮೂವರು ಇರಲೇಬೇಕು ಎಂಬ ನಿಯಮ ಬಂತು, ಆ ಜಾಗವೇ ಅಳಿಸಿಹೋಯಿತು. ಗ್ಯಾಲಹರ್ ಅಷ್ಟು ಹೊತ್ತಿಗೆ ಬದುಕಿರಲಿಲ್ಲ. 1917ರ ಅಕ್ಟೋಬರಿನಲ್ಲಿ, ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತರು. ಅವರು ಆಡುತ್ತಿದ್ದ ಜಾಗವೇ ಇಂದಿನ ಆಟದಲ್ಲಿ ಇಲ್ಲ, ಆದ್ದರಿಂದ ಬಹಳ ಬೇಸರದಿಂದಲೇ ಅವರನ್ನು ಬಿಡುತ್ತಿದ್ದೇನೆ.

ಹಿಂದಿನಿಂದ ಶುರು ಮಾಡೋಣ. ಫುಲ್‌ಬ್ಯಾಕ್ ಎಂದರೆ ಎಲ್ಲರ ಹಿಂದೆ ಒಬ್ಬನೇ ನಿಲ್ಲುವವನು, 15ನೇ ನಂಬರಿನವನು. ಅವನನ್ನು ದಾಟಿದರೆ ಮುಂದೆ ಖಾಲಿ ಹುಲ್ಲು. ಈ ಜಾಗಕ್ಕೆ ನನ್ನ ಆಯ್ಕೆ ಜಾರ್ಜ್ ನೆಪಿಯಾ. 1924ರಲ್ಲಿ ಇಂಗ್ಲೆಂಡಿಗೆ ಹೊರಟ ತಂಡದಲ್ಲಿ ಈ ಮಾವೋರಿ (ನ್ಯೂಜಿಲೆಂಡಿನ ಮೂಲನಿವಾಸಿ) ಹುಡುಗನಿಗೆ 19 ವರ್ಷ. ಬ್ರಿಟನ್, ಐರ್ಲೆಂಡ್, ಫ್ರಾನ್ಸ್, ಕೆನಡಾ ಸೇರಿ 32 ಪಂದ್ಯ ಆಡಿ 32ನ್ನೂ ಗೆದ್ದ ತಂಡ ಅದು, ಇವತ್ತಿಗೂ ‘ಇನ್ವಿನ್ಸಿಬಲ್ಸ್’ ಎಂದೇ ಕರೆಯುತ್ತಾರೆ. ಬ್ರಿಟನ್ ಮತ್ತು ಫ್ರಾನ್ಸ್ ನೆಲದ ಒಂದೊಂದು ಪಂದ್ಯದಲ್ಲೂ ನೆಪಿಯಾ ಆಡಿದರು. ಬದಲಿ ಆಟಗಾರ ಎಂಬ ಮಾತೇ ಇಲ್ಲದ ಕಾಲ. ಕಾಲು ಮುರಿದರೆ ಹದಿನಾಲ್ಕೇ ಮಂದಿ ಆಡಬೇಕು. ಆಗಿನ ಫಾರ್ವರ್ಡ್‌ಗಳು ಚೆಂಡನ್ನು ಕೈಯಲ್ಲಿ ಹಿಡಿಯದೆ ಕಾಲಿನಿಂದ ಒದೆಯುತ್ತ ಗುಂಪಾಗಿ ನುಗ್ಗಿ ಬರುತ್ತಿದ್ದರು. ಆ ಬೂಟುಗಳ ನಡುವೆ ಬಗ್ಗಿ, ಚೆಂಡು ಹೆಕ್ಕಿಕೊಂಡು, ಗುಂಪನ್ನೇ ಸೀಳಿ ಎದ್ದು ಬರುವ ಧೈರ್ಯ ನೆಪಿಯಾ ಅವರದ್ದು. 1925ರ ಜನವರಿಯಲ್ಲಿ ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಎದುರು ಸಿರಿಲ್ ಬ್ರೌನ್ಲಿಯನ್ನು ರೆಫರಿ ಹೊರಗೆ ಕಳಿಸಿದಾಗ (ಟೆಸ್ಟ್ ಪಂದ್ಯವೊಂದರಲ್ಲಿ ಹಾಗಾದದ್ದು ಅದೇ ಮೊದಲು) ನ್ಯೂಜಿಲೆಂಡ್ ಹದಿನಾಲ್ಕು ಮಂದಿಯಲ್ಲೇ ಆಡಿ 17–11ರಿಂದ ಗೆದ್ದಿತು. ಅಂಥ ದಿನ ಹಿಂದೆ ನಿಂತವನ ಮೇಲೆ ಬೀಳುವ ಹೊರೆ ಎಷ್ಟು ಎನ್ನುವುದನ್ನು ನೀವೇ ಯೋಚಿಸಿ.

ಹಾಗಾದರೆ ಬರೀ 9 ಟೆಸ್ಟ್ ಯಾಕೆ? 1928ರಲ್ಲಿ ತಂಡ ದಕ್ಷಿಣ ಆಫ್ರಿಕಾಕ್ಕೆ ಹೊರಟಿತು. ಅಲ್ಲಿನ ಬಿಳಿಯರ ಮನಸ್ಸಿಗೆ ನೋವಾಗಬಾರದೆಂದು ನ್ಯೂಜಿಲೆಂಡಿನ ಮಂಡಳಿ ಮಾವೋರಿಗಳನ್ನು ಬಿಟ್ಟು ತಂಡ ಆರಿಸಿತು. 23 ವರ್ಷದ ನೆಪಿಯಾ, ಜಗತ್ತು ಕಂಡ ಅತಿ ದೊಡ್ಡ ಫುಲ್‌ಬ್ಯಾಕ್, ಮನೆಯಲ್ಲಿ ಉಳಿದರು. ಆ ಸರಣಿ 2–2ರಲ್ಲಿ ಮುಗಿಯಿತು. 1949ರಲ್ಲಿ ಮತ್ತೆ ಮಾವೋರಿಗಳನ್ನು ಬಿಟ್ಟು ಹೋದರು, ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತು ಬಂದರು. 1960ರಲ್ಲಿ ಲಕ್ಷಕ್ಕೂ ಹೆಚ್ಚು ಜನ ವಿರೋಧದ ಅರ್ಜಿಗೆ ಸಹಿ ಹಾಕಿದರೂ ಅದೇ ಕಥೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ನೆಪಿಯಾ ಅವರಿಗೆ ಸಂಸಾರ ಸಾಕುವುದೇ ಕಷ್ಟವಾಯಿತು. ದುಡ್ಡು ಕೊಡುವ ರಗ್ಬಿ ಲೀಗ್ ಆಡಲು 1935ರಲ್ಲಿ ಇಂಗ್ಲೆಂಡಿಗೆ ಹೋದರು, ಹೋದದ್ದಕ್ಕೆ ಆಲ್ ಬ್ಲ್ಯಾಕ್ಸ್ ಆಡುವ ಯೂನಿಯನ್ ರಗ್ಬಿಯ ಬಾಗಿಲು ಮುಚ್ಚಿತು. ಅವರು ಆಡದೆ ಹೋದ ಟೆಸ್ಟ್‌ಗಳನ್ನು ಅವರ ಲೆಕ್ಕದಿಂದಲೇ ಕಳೆಯುವುದು ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ. ಅಂಕಿಯ ಮೇಲೆ ನನಗೆ ನಂಬಿಕೆ ಕಡಿಮೆಯಾಗಲು ಮುಖ್ಯ ಕಾರಣ ಇದೇ.

ಈ ಜಾಗಕ್ಕೆ ಇನ್ನಿಬ್ಬರು ಹಕ್ಕುದಾರರಿದ್ದಾರೆ. ಡಾನ್ ಕ್ಲಾರ್ಕ್ 1959ರಲ್ಲಿ ಡುನೆಡಿನ್‌ನಲ್ಲಿ ಬ್ರಿಟನ್, ಐರ್ಲೆಂಡ್‌ಗಳ ಜಂಟಿ ತಂಡವಾದ ಬ್ರಿಟಿಷ್ ಲಯನ್ಸ್ ಎದುರು ಆರು ಪೆನಾಲ್ಟಿ ಒದ್ದು ತಂಡವನ್ನು 18–17ರಿಂದ ಗೆಲ್ಲಿಸಿದರು. ಲಯನ್ಸ್ ಅಂದು ನಾಲ್ಕು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಇಡುವುದು) ಗಳಿಸಿದ್ದರು. ಆಗ ಒಂದು ಟ್ರೈಗೆ ಮೂರೇ ಅಂಕ, ಈಗ ಐದು. ಇವತ್ತಿನ ಲೆಕ್ಕದಲ್ಲಿ ಅದೇ ಪಂದ್ಯವನ್ನು ಲಯನ್ಸ್ 25–18ರಿಂದ ಗೆಲ್ಲುತ್ತಿದ್ದರು! ಹಳಬರನ್ನು ಇಂದಿನ ನಿಯಮದಡಿ ಆಡಿಸಿ ನೋಡಬೇಕು ಎಂದು ನಾನು ಹಟ ಹಿಡಿಯುವುದು ಇಂಥದ್ದಕ್ಕೇ. ಇನ್ನೊಬ್ಬರು ಕ್ರಿಶ್ಚಿಯನ್ ಕಲನ್, 58 ಟೆಸ್ಟ್‌ಗಳಲ್ಲಿ 46 ಟ್ರೈ ಗಳಿಸಿದ ಓಟಗಾರ. ಅವರನ್ನು ಬದಲಿ ಆಟಗಾರರ ಬೆಂಚಿನಲ್ಲಿ ಕೂರಿಸುತ್ತೇನೆ.

ಎಡ ಅಂಚಿಗೆ ಜೋನಾ ಲೋಮು. ಇದರಲ್ಲಿ ಚರ್ಚೆಯೇ ಇಲ್ಲ. 1995ರ ಜೂನ್ 18, ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನ, ವಿಶ್ವಕಪ್ ಸೆಮಿಫೈನಲ್, ಎದುರಿಗೆ ಇಂಗ್ಲೆಂಡ್. ಆಟ ಶುರುವಾಗಿ ಎರಡು ಮೂರು ನಿಮಿಷವಾಗಿರಬಹುದು. ಪಾಸ್ ಸರಿಯಾಗಿ ಬರಲಿಲ್ಲ, ಚೆಂಡು ಲೋಮು ಅವರ ಹಿಂದಕ್ಕೆ ಹೋಯಿತು. ಅವರು ತಿರುಗಿ, ನಿಂತು, ಅದನ್ನು ಹಿಡಿದು, ಮತ್ತೆ ಓಟ ಕಿತ್ತರು. ಟೋನಿ ಅಂಡರ್‌ವುಡ್ ಅವರನ್ನು ಹೊರಗಿನಿಂದ ದಾಟಿದರು. ಹಿಂದಿನಿಂದ ಬಂದ ನಾಯಕ ವಿಲ್ ಕಾರ್ಲಿಂಗ್ ಕಾಲಿಗೆ ಕೈ ತಗುಲಿಸಿದಾಗ ಮುಗ್ಗರಿಸಿದರು, ಬೀಳಲಿಲ್ಲ. ಕೊನೆಗೆ ಉಳಿದವರು ಫುಲ್‌ಬ್ಯಾಕ್ ಮೈಕ್ ಕ್ಯಾಟ್. ಮುಗ್ಗರಿಸಿದ ಭರದಲ್ಲೇ ಲೋಮು ಕ್ಯಾಟ್ ಮೇಲೆ ಹಾಯ್ದುಕೊಂಡು ಹೋಗಿ ಟ್ರೈ ಇಟ್ಟರು. ಆ ದಿನ ಒಟ್ಟು ನಾಲ್ಕು ಟ್ರೈ, ಪಂದ್ಯ 45–29. ಆಗ ಅವರಿಗಿನ್ನೂ 20 ವರ್ಷ. ಆರಡಿ ಐದಂಗುಲದ, 118 ಕಿಲೋ ತೂಕದ ಮನುಷ್ಯ ಅಂಚಿನಲ್ಲಿ ಆ ವೇಗದಲ್ಲಿ ಓಡುವುದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ವಿಂಗ್ ಎಂದರೆ ಹಗುರ ಮೈಯ, ತಪ್ಪಿಸಿಕೊಂಡು ಓಡುವ ಹುಡುಗರ ಜಾಗ ಎಂಬ ನಂಬಿಕೆ ಆ ಮಧ್ಯಾಹ್ನಕ್ಕೆ ಮುಗಿಯಿತು.

ಲೋಮು ದಕ್ಷಿಣ ಆಫ್ರಿಕಾದ ಎದುರು ಒಂದೂ ಟ್ರೈ ಗಳಿಸಲಿಲ್ಲ, ವಿಶ್ವಕಪ್ಪೂ ಗೆಲ್ಲಲಿಲ್ಲ ಎಂದು ಆಕ್ಷೇಪ ಎತ್ತುವವರಿದ್ದಾರೆ. ಎರಡೂ ನಿಜ. ಆದರೆ 1995ರ ಫೈನಲ್‌ನಲ್ಲಿ ಸ್ಪ್ರಿಂಗ್‌ಬಾಕ್ಸ್ (ದಕ್ಷಿಣ ಆಫ್ರಿಕಾ ತಂಡ) ಆಡಿದ್ದು ಹೇಗೆ ನೋಡಿ. ಲೋಮು ಕೈಗೆ ಚೆಂಡು ಬಂದಾಗಲೆಲ್ಲ ಒಬ್ಬರ ಹಿಂದೆ ಒಬ್ಬರು ಅವರ ಮೇಲೆ ಬಿದ್ದರು. ಒಬ್ಬನನ್ನು ತಡೆಯಲು ಇಡೀ ತಂಡ ಯೋಜನೆ ಹಾಕಬೇಕಾಯಿತು ಎಂದರೆ ನನ್ನ ಅಳತೆಯಲ್ಲಿ ಅದೇ ದೊಡ್ಡ ಪ್ರಮಾಣಪತ್ರ. ಮೇಲಾಗಿ ಇದನ್ನೆಲ್ಲ ಅವರು ಆಡಿದ್ದು ಮೂತ್ರಪಿಂಡದ ಕಾಯಿಲೆಯನ್ನು ಒಳಗಿಟ್ಟುಕೊಂಡು. 2004ರಲ್ಲಿ ಮೂತ್ರಪಿಂಡ ಕಸಿ ಆಯಿತು. 2015ರ ನವೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 40 ವರ್ಷ.

ಬಲ ಅಂಚಿಗೆ ಜಾನ್ ಕರ್ವನ್. 1987ರ ಮೊದಲ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಇಟಲಿ ಎದುರು ತನ್ನ ಕಡೆಯ ಗೆರೆ ಹತ್ತಿರ ಚೆಂಡು ಹಿಡಿದು, ಸಿಕ್ಕವರನ್ನೆಲ್ಲ ದಾಟುತ್ತ ಮೈದಾನದ ಉದ್ದಕ್ಕೂ ಓಡಿ ಗಳಿಸಿದ ಟ್ರೈ ಅವರದ್ದು. ಟ್ರೈ ಲೆಕ್ಕದಲ್ಲಿ ಡಗ್ ಹೌಲೆಟ್ (49) ಮುಂದಿದ್ದಾರೆ, ಆದರೂ ದೊಡ್ಡ ದಿನಕ್ಕೆ ನಾನು ಕರ್ವನ್ ಅವರನ್ನೇ ಕರೆಯುವವನು. ನಡುವಿನ ಇಬ್ಬರು ಸೆಂಟರ್‌ಗಳ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಮಾ ನೋನು ಮತ್ತು ಕಾನ್ರಾಡ್ ಸ್ಮಿತ್ ಜೋಡೆತ್ತುಗಳ ಹಾಗೆ ವರ್ಷಗಟ್ಟಲೆ ಒಂದೇ ನೊಗದಲ್ಲಿ ದುಡಿದವರು. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಅವರಿಗಿಂತ ಮಿಗಿಲಾದವರು ಸಿಗಬಹುದು, ಜೋಡಿಯಾಗಿ ಸಿಗುವುದಿಲ್ಲ.

10ನೇ ನಂಬರಿನ ಫ್ಲೈ ಹಾಫ್ ಆಟದ ಲಗಾಮು ಹಿಡಿದವನು. ಡ್ಯಾನ್ ಕಾರ್ಟರ್ ಬಿಟ್ಟು ಬೇರೆ ಹೆಸರು ನನಗೆ ತೋಚುವುದಿಲ್ಲ. 2005ರಲ್ಲಿ ವೆಲಿಂಗ್ಟನ್‌ನಲ್ಲಿ ಲಯನ್ಸ್ ಎದುರು ಒಬ್ಬರೇ 33 ಅಂಕ ಗಳಿಸಿದರು: ಎರಡು ಟ್ರೈ, ನಾಲ್ಕು ಕನ್ವರ್ಷನ್, ಐದು ಪೆನಾಲ್ಟಿ. ಓಡುವುದು, ಒದೆಯುವುದು, ಪಾಸ್ ಕೊಡುವುದು, ಟ್ಯಾಕಲ್ ಮಾಡುವುದು, ಈ ನಾಲ್ಕರಲ್ಲಿ ಯಾವುದರಲ್ಲೂ ಸಡಿಲ ಇಲ್ಲದ ಫ್ಲೈ ಹಾಫ್ ಅವರಿಗೆ ಮೊದಲು ಇರಲಿಲ್ಲ. 2011ರ ವಿಶ್ವಕಪ್ಪಿನಲ್ಲಿ ಅಭ್ಯಾಸದ ವೇಳೆ ತೊಡೆಸಂದಿಗೆ ಪೆಟ್ಟು ಮಾಡಿಕೊಂಡು ಹೊರಬಿದ್ದರು. ಅವರ ಬದಲಿಗೆ ಬಂದವರೂ ಪೆಟ್ಟು ತಿಂದರು. ಕೊನೆಗೆ ಫೈನಲ್‌ನಲ್ಲಿ ಗೆಲುವಿನ ಪೆನಾಲ್ಟಿ ಒದ್ದವರು ನಾಲ್ಕನೇ ಆಯ್ಕೆಯ ಸ್ಟೀಫನ್ ಡೊನಾಲ್ಡ್. ಮೀನು ಹಿಡಿಯಲು ಹೋಗಿದ್ದವರನ್ನು ಫೋನ್ ಮಾಡಿ ಕರೆಸಿಕೊಂಡಿದ್ದರು! ಕಾರ್ಟರ್ 2015ರಲ್ಲಿ ಆ ಬಾಕಿ ತೀರಿಸಿದರು. ಟ್ವಿಕೆನ್‌ಹ್ಯಾಮ್‌ನಲ್ಲಿ ಆಸ್ಟ್ರೇಲಿಯಾ ಎದುರಿನ ಫೈನಲ್‌ನಲ್ಲಿ 34 ಅಂಕಗಳಲ್ಲಿ 19 ಅವರದೇ. ಅವರಿಗೆ ಚೆಂಡು ತಲುಪಿಸುವ ಹಾಫ್‌ಬ್ಯಾಕ್ ಆಗಿ ಏರನ್ ಸ್ಮಿತ್ ಸಾಕು. ಅವರ ಪಾಸಿನ ಉದ್ದ, ವೇಗ ಎರಡೂ ಬೇರೆಯವರಿಗೆ ಬರಲಿಲ್ಲ.

ಈಗ ಮುಂದಿನ ಎಂಟು ಫಾರ್ವರ್ಡ್‌ಗಳು. ಇಲ್ಲಿ ಮೊದಲ ಹೆಸರು ಕಾಲಿನ್ ಮೀಡ್ಸ್. ಕಿಂಗ್ ಕಂಟ್ರಿಯ ರೈತ, ಲಾಕ್ ಆಟಗಾರ, ದೇವದಾರು ಮರದಂಥ ಮೈಕಟ್ಟಿಗೆ ‘ಪೈನ್‌ಟ್ರೀ’ ಎಂದೇ ಹೆಸರು. 1957ರಿಂದ 1971ರವರೆಗೆ 55 ಟೆಸ್ಟ್ ಆಡಿದರು. 1970ರಲ್ಲಿ ದಕ್ಷಿಣ ಆಫ್ರಿಕಾದ ಪ್ರವಾಸದಲ್ಲಿ ಈಸ್ಟರ್ನ್ ಟ್ರಾನ್ಸ್‌ವಾಲ್ ಎದುರಿನ ಪಂದ್ಯದಲ್ಲಿ ಅವರ ಕೈ ಮೂಳೆ ಮುರಿಯಿತು. ಮುರಿದ ಕೈಯಲ್ಲೇ ಪಂದ್ಯ ಮುಗಿಸಿದರು, ಆಮೇಲೆ ಅದೇ ಪ್ರವಾಸದಲ್ಲಿ ಕೈಗೆ ಕವಚ ಕಟ್ಟಿಕೊಂಡು ಟೆಸ್ಟ್ ಆಡಿದರು. ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಮೀಡ್ಸ್ ಆರಡಿ ನಾಲ್ಕಂಗುಲ, ಇಂದಿನ ಲಾಕ್‌ಗಳು ಆರಡಿ ಎಂಟಂಗುಲ. ಅಂಚಿನಿಂದ ಚೆಂಡನ್ನು ಒಳಗೆ ಎಸೆಯುವ ಲೈನ್‌ಔಟ್‌ನಲ್ಲಿ ಈಗ ಜಿಗಿಯುವವನನ್ನು ಜತೆಗಾರರು ಎತ್ತಿ ಹಿಡಿಯುತ್ತಾರೆ, ಮೀಡ್ಸ್ ಕಾಲದಲ್ಲಿ ಅದು ನಿಷಿದ್ಧ. ಹಾಗಾಗಿ ಪಕ್ಕದಲ್ಲಿ ಬ್ರೋಡಿ ರೆಟಾಲಿಕ್ ಇರಲಿ. ಮೇಲಿನ ಚೆಂಡು ಅವರು ನೋಡಿಕೊಳ್ಳುತ್ತಾರೆ, ನೆಲದ ಮೇಲಿನ ಕಷ್ಟದ ಕೆಲಸ ಮೀಡ್ಸ್ ನೋಡಿಕೊಳ್ಳುತ್ತಾರೆ. ವೈಟ್‌ಲಾಕ್ ಬೆಂಚಿಗೆ.

ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಹುಕರ್ ಶಾನ್ ಫಿಟ್ಜ್‌ಪ್ಯಾಟ್ರಿಕ್. ಸತತ 63 ಟೆಸ್ಟ್ ತಪ್ಪಿಸದೆ ಆಡಿದವರು, 1996ರಲ್ಲಿ ದಕ್ಷಿಣ ಆಫ್ರಿಕಾ ನೆಲದಲ್ಲಿ ನ್ಯೂಜಿಲೆಂಡಿಗೆ ಮೊತ್ತಮೊದಲ ಸರಣಿ ಗೆಲುವು ತಂದ ನಾಯಕ. ಎಡ ಪ್ರಾಪ್ ಟೋನಿ ವುಡ್‌ಕಾಕ್. ಬಲಕ್ಕೆ ಕೆನ್ ಗ್ರೇ, 1960ರ ದಶಕದ ಅತ್ಯಂತ ಗಟ್ಟಿ ಪ್ರಾಪ್. 1970ರ ಆ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಅವರ ಆಯ್ಕೆ ಖಚಿತವಿತ್ತು. ವರ್ಣಭೇದದ ನಾಡಿಗೆ ಹೋಗಲಾರೆ ಎಂದು ಅದಕ್ಕೂ ಮೊದಲೇ ಆಟ ನಿಲ್ಲಿಸಿದರು. ಅವರ ಲೆಕ್ಕ 24 ಟೆಸ್ಟ್‌ಗೆ ನಿಂತಿತು. ಈ 24ನ್ನು ನಾನು ಬೇರೆಯವರ ನೂರಕ್ಕಿಂತ ಕಡಿಮೆ ಎಣಿಸಲಾರೆ.

ಫ್ಲ್ಯಾಂಕರ್‌ಗಳ ಜಾಗ ನನ್ನನ್ನು ಬಹಳ ಕಾಡಿತು. ಟ್ಯಾಕಲ್ ಆದಕೂಡಲೇ ಮೊದಲು ಓಡಿ ಬಂದು ನೆಲದ ಚೆಂಡು ಕಸಿಯುವ 7ನೇ ನಂಬರಿಗೆ ಇಬ್ಬರು ದೈತ್ಯರಿದ್ದಾರೆ, ಮೈಕಲ್ ಜೋನ್ಸ್ ಮತ್ತು ರಿಚಿ ಮೆಕ್‌ಕಾ. ಜೋನ್ಸ್ ಆಡಿದ್ದನ್ನು ನೋಡಿದವರು ಅಂಥ ಫ್ಲ್ಯಾಂಕರ್ ಮತ್ತೆ ಹುಟ್ಟಿಲ್ಲ ಎನ್ನುತ್ತಾರೆ. ವೇಗ, ಕೈಚಳಕ, ಟ್ಯಾಕಲ್‌ನ ಪೆಟ್ಟು ಮೂರೂ ಇದ್ದವು. 1987ರ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಟ್ರೈ ಗಳಿಸಿದರು. ಆದರೆ ದೈವಭಕ್ತರಾದ ಅವರು ಭಾನುವಾರ ಆಡುತ್ತಿರಲಿಲ್ಲ. ಆ ವಿಶ್ವಕಪ್ಪಿನ ಸೆಮಿಫೈನಲ್ ಭಾನುವಾರ ಬಂತು, ಆಡಲಿಲ್ಲ. 1991ರಲ್ಲೂ ಸೆಮಿಫೈನಲ್ ಭಾನುವಾರ, ಅವರಿಲ್ಲದ ತಂಡ ಆಸ್ಟ್ರೇಲಿಯಾಕ್ಕೆ ಸೋತಿತು. 1995ರಲ್ಲಿ ಅವರನ್ನು ತಂಡಕ್ಕೇ ತೆಗೆದುಕೊಳ್ಳಲಿಲ್ಲ. 1989ರಲ್ಲಿ ಮಂಡಿಗೆ ಬಿದ್ದ ಭಾರಿ ಪೆಟ್ಟಿನ ನಂತರ 6ನೇ ನಂಬರಿಗೆ ಸರಿದು, ಅಲ್ಲೂ ಮೇಲ್ಮಟ್ಟದ ಆಟ ಆಡಿದರು. ಇದೇ ನನಗೆ ದಾರಿ ತೋರಿಸಿತು: ಜೋನ್ಸ್ 6, ಮೆಕ್‌ಕಾ 7. ಇಬ್ಬರನ್ನೂ ಇಟ್ಟುಕೊಳ್ಳಬಹುದು, ಪಂದ್ಯ ಶನಿವಾರವೇ ಇಡಬೇಕು.

ಮೆಕ್‌ಕಾ ನಾಯಕ ಕೂಡ. 110 ಟೆಸ್ಟ್‌ಗಳಲ್ಲಿ ತಂಡ ನಡೆಸಿದರು ಎಂಬ ಕಾರಣಕ್ಕೆ ಈ ಆಯ್ಕೆ ಮಾಡಿಲ್ಲ. 2007ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್‌ಗೆ 20–18ರಿಂದ ಸೋತಾಗ ಇಡೀ ದೇಶ ಅವರ ನಾಯಕತ್ವವನ್ನು ಪ್ರಶ್ನಿಸಿತು. ನಾಲ್ಕು ವರ್ಷದ ನಂತರ ಅದೇ ಫ್ರಾನ್ಸ್ ಎದುರು, ಪಾದದ ಮೂಳೆ ಮುರಿದ ಸ್ಥಿತಿಯಲ್ಲೇ ಆಡಿ, ಫೈನಲ್‌ನ ಕೊನೆಯ ನಿಮಿಷಗಳಲ್ಲಿ ತಂಡವನ್ನು ಗಾಬರಿಯಾಗದಂತೆ ಹಿಡಿದು 8–7ರಿಂದ ಗೆಲ್ಲಿಸಿದರು. ಒಂದು ಅಂಕದ ಅಂತರವನ್ನು ಅಷ್ಟು ಹೊತ್ತು ಕಾಯುವುದು 2007ರ ಮೆಕ್‌ಕಾ ಅವರಿಂದ ಆಗುತ್ತಿರಲಿಲ್ಲ.

8ನೇ ನಂಬರಿಗೆ ಝಿನ್ಝಾನ್ ಬ್ರೂಕ್. ಫಾರ್ವರ್ಡ್ ಆಟಗಾರ ಡ್ರಾಪ್ ಗೋಲ್ ಒದೆಯುವುದೇ ಅಪರೂಪ, ಅವರು ಟೆಸ್ಟ್‌ಗಳಲ್ಲಿ ಮೂರು ಒದ್ದರು. ಲೋಮು ಮೆರೆದ ಆ ಸೆಮಿಫೈನಲ್‌ನಲ್ಲೇ, ನಲವತ್ತು ಮೀಟರಿಗೂ ಹೆಚ್ಚು ದೂರದಿಂದ ಓಡುತ್ತಲೇ ಹೊಡೆದದ್ದು ಅವುಗಳಲ್ಲಿ ಒಂದು. ಬಕ್ ಶೆಲ್ಫರ್ಡ್ ಅಭಿಮಾನಿಗಳು ಇಲ್ಲಿ ನನ್ನ ಮೇಲೆ ಸಿಟ್ಟಾಗುತ್ತಾರೆ, ಅದಕ್ಕೆ ಕಾರಣವೂ ಇದೆ. ಶೆಲ್ಫರ್ಡ್ ನಾಯಕರಾಗಿದ್ದಾಗ ತಂಡ ಒಂದೂ ಟೆಸ್ಟ್ ಸೋಲಲಿಲ್ಲ. ಪಂದ್ಯಕ್ಕೆ ಮುಂಚೆ ಮಾಡುವ ಹಾಕಾ ಕುಣಿತವನ್ನು ಮಾವೋರಿಗಳಿಂದ ಸರಿಯಾಗಿ ಕಲಿತು, ಗೌರವದಿಂದ ಮಾಡುವಂತೆ ತಿದ್ದಿದವರಲ್ಲಿ ಅವರು ಮುಖ್ಯರು. ಬೆಂಚಿನಲ್ಲಿ ಅವರಿಗೆ ಮೊದಲ ಜಾಗ.

ನೀವು ಕೇಳಿದ್ದು ಗಂಡಸರ ತಂಡದ ಬಗ್ಗೆ ಎಂದುಕೊಂಡು ಬರೆದಿದ್ದೇನೆ. ಆದರೆ ಗಂಡಸರು ಗೆದ್ದ ವಿಶ್ವಕಪ್ ಮೂರು (ನಾಲ್ಕು ಗೆದ್ದ ದಕ್ಷಿಣ ಆಫ್ರಿಕಾ ಮುಂದಿದೆ), ನ್ಯೂಜಿಲೆಂಡಿನ ಹೆಂಗಸರು, ಬ್ಲ್ಯಾಕ್ ಫರ್ನ್ಸ್, ಗೆದ್ದದ್ದು ಆರು. 2022ರ ನವೆಂಬರಿನಲ್ಲಿ ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಅವರು ಇಂಗ್ಲೆಂಡನ್ನು 34–31ರಿಂದ ಸೋಲಿಸಿದ ಫೈನಲ್ ಎಲ್ಲಾದರೂ ಸಿಕ್ಕರೆ ಪೂರ್ತಿ ನೋಡಿ. ಆ ತಂಡದ ಸಾರ್ವಕಾಲಿಕ ಹದಿನೈದು ಬೇರೆಯೇ ಉತ್ತರ ಬೇಡುತ್ತದೆ.

ಇನ್ನು ತರಬೇತುದಾರರು. ವಿಶ್ವಕಪ್ ಗೆಲ್ಲಿಸಿದ ಮೂವರಿದ್ದಾರೆ: ಬ್ರಯನ್ ಲೊಕೋರ್, ಗ್ರಹಾಂ ಹೆನ್ರಿ, ಸ್ಟೀವ್ ಹ್ಯಾನ್ಸನ್. ಆದರೂ ನಾನು ಫ್ರೆಡ್ ಅಲೆನ್ ಅವರಿಗೆ ತಂಡ ಒಪ್ಪಿಸುತ್ತೇನೆ. 1966ರಿಂದ 1968ರವರೆಗೆ ಅವರ ಕೈಕೆಳಗೆ ನ್ಯೂಜಿಲೆಂಡ್ ಆಡಿದ 14 ಟೆಸ್ಟ್‌ಗಳಲ್ಲಿ 14ನ್ನೂ ಗೆದ್ದಿತು. ಮೈದಾನದ ತುಂಬ ಚೆಂಡು ಆಡಿಸಿ, ಓಡಿ ಗೆಲ್ಲಬೇಕು ಎಂಬುದು ಅವರ ಪಟ್ಟು. ಮೀಡ್ಸ್, ಗ್ರೇ ಇಬ್ಬರೂ ಅವರ ಗರಡಿಯಲ್ಲಿ ಆಡಿದವರೇ. ಲೋಮು, ಕಾರ್ಟರ್, ನೆಪಿಯಾ ಕೈಗೆ ಚೆಂಡು ಹೆಚ್ಚು ಸಲ ಸಿಗುವುದು ಅಂಥ ತರಬೇತುದಾರರ ತಂಡದಲ್ಲೇ.